ಆಟದ ಆತಿಥ್ಯವೂ ಒಂದು ದಾಸೋಹ

ಮಹಾವಿದ್ಯಾಲಯಗಳಲ್ಲಿ ಪ್ರವೇಶದ ಗದ್ದಲ ಅಡಗಿದೊಡನೆ ದೈಹಿಕ ಶಿಕ್ಷಣ ನಿರ್ದೇಶಕರು ಸಭೆ ಸೇರುವುದು ರೂಢಿ. ಈ ವರ್ಷದ ಯಾವ ಪಂದ್ಯಾವಳಿಯನ್ನು ಯಾವ ಮಹಾವಿದ್ಯಾಲಯವು ನಡೆಸಿಕೊಡಬೇಕೆಂಬುದು ಸಾಮಾನ್ಯವಾಗಿ ಅಲ್ಲಿಯೇ ನಿಶ್ಚಯವಾಗುತ್ತದೆ. ಕಬಡ್ಡಿ, ಖೋಖೋ, ವಾಲಿಬಾಲುಗಳಿಗೆ ಆತಿಥೇಯರು ಸುಲಭವಾಗಿ ಸಿಗುತ್ತಾರೆ. ಹಾಕಿಯ ಹೆಸರು ಬಂದಾಗ ಮಾತ್ರ ಸಣ್ಣ ಊರುಗಳ ಪ್ರಾಚಾರ್ಯರು ಹಿಂಜರಿಯುತ್ತಾರೆ; ಕೊನೆಗೆ ಅದು ದೊಡ್ಡ ಮೈದಾನವುಳ್ಳ ನಗರದ ಸಂಸ್ಥೆಗೇ ಹೋಗುತ್ತದೆ. ಇದನ್ನು ಕಚೇರಿಯ ಒಂದು ಸಾಧಾರಣ ವ್ಯವಹಾರವೆಂದು ಭಾವಿಸುವವರೇ ಹೆಚ್ಚು. ಆದರೆ ಯಾವ ಊರಿನಲ್ಲಿ ಆಟ ನಡೆಯುತ್ತದೆ ಎಂಬುದರ ಮೇಲೆಯೇ ಯಾರ ಮಕ್ಕಳು ಆಡುತ್ತಾರೆ, ಯಾರ ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ ಎಂಬುದು ನಿಂತಿದೆ. ಆದುದರಿಂದ ಮಠ, ಮನೆ, ಮಕ್ಕಳ ವಿದ್ಯಾಭ್ಯಾಸಗಳನ್ನು ಕುರಿತು ಚಿಂತಿಸುವ ಈ ಪುಟದಲ್ಲಿ ಮೈದಾನದ ಮಾತನ್ನೂ ಎತ್ತುವುದು ಉಚಿತವೆಂದು ನಾವು ಬಗೆದಿದ್ದೇವೆ.

ವಿಜಯಪುರ ಜಿಲ್ಲೆ ಕುಸ್ತಿಯ ನೆಲ, ಕಬಡ್ಡಿಯ ನೆಲ, ಇತ್ತೀಚಿನ ದಶಕಗಳಲ್ಲಿ ಸೈಕಲ್ ಸ್ಪರ್ಧೆಯ ನೆಲ. ಹಾಕಿ ಇಲ್ಲಿ ಇನ್ನೂ ಮನೆಮಾತಾಗಿಲ್ಲ. ಆದರೆ ನೆರೆಹೊರೆಯಲ್ಲಿ ಅದು ಅಪರಿಚಿತವೇನಲ್ಲ. ಗದಗ-ಬೆಟಗೇರಿ, ಹುಬ್ಬಳ್ಳಿಗಳಲ್ಲಿ ಹಾಕಿ ಬಹುಕಾಲದಿಂದ ಬೇರೂರಿದೆ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದ ಬಂಡು ಪಾಟೀಲರು ಬೆಳಗಾವಿಯವರು. ಭಾರತ ತಂಡವು 41 ವರ್ಷಗಳ ನಂತರ 2021ರಲ್ಲಿ ಟೋಕಿಯೋದಲ್ಲಿಯೂ, ಮತ್ತೆ 2024ರಲ್ಲಿ ಪ್ಯಾರಿಸ್ಸಿನಲ್ಲಿಯೂ ಒಲಿಂಪಿಕ್ ಕಂಚು ಗೆದ್ದಾಗ ನಮ್ಮ ಹಳ್ಳಿಗಳ ತರುಣರೂ ಹರ್ಷಪಟ್ಟರು. ಹರ್ಷಪಟ್ಟವರಲ್ಲಿ ಹಾಕಿ ಕೋಲನ್ನು ಕೈಯಲ್ಲಿ ಹಿಡಿದು ನೋಡಿದವರು ಎಷ್ಟು ಮಂದಿ ಎಂಬುದೇ ಪ್ರಶ್ನೆ.

ಸಣ್ಣ ಮಹಾವಿದ್ಯಾಲಯದ ಕಷ್ಟವನ್ನು ಮೊದಲು ತಿಳಿಯಬೇಕು. ಮುನ್ನೂರು ನಾನ್ನೂರು ವಿದ್ಯಾರ್ಥಿಗಳಿರುವ ಗ್ರಾಮೀಣ ಮಹಾವಿದ್ಯಾಲಯವು ಕಬಡ್ಡಿಗೆ ಏಳು ಮಂದಿಯನ್ನು ಕೂಡಿಸುವುದು ಸುಲಭ. ಹಾಕಿಗೆ ಅಂಗಳದಲ್ಲಿ ಹನ್ನೊಂದು ಮಂದಿ ಬೇಕು. ಬದಲಿ ಆಟಗಾರರೂ ಸೇರಿ ಹದಿನಾರು ಮಂದಿಯಾದರೂ ಹೊರಡಬೇಕು. ಪ್ರತಿಯೊಬ್ಬರಿಗೂ ಕೋಲು ಬೇಕು. ಗೋಲು ರಕ್ಷಕನ ಶಿರಸ್ತ್ರಾಣ, ಎದೆಕವಚ, ಕಾಲಿನ ಪ್ಯಾಡುಗಳ ಬೆಲೆಯೇ ಒಂದು ಇಡೀ ಕಬಡ್ಡಿ ತಂಡದ ಖರ್ಚನ್ನು ಮೀರುತ್ತದೆ. ಇಷ್ಟೆಲ್ಲ ಹೊಂದಿಸಿಕೊಂಡರೂ ಪಂದ್ಯ ನಡೆಯುವ ಊರು ದೂರವಿರುತ್ತದೆ. ಜಿಲ್ಲೆಯ ಪದವಿ ಮಹಾವಿದ್ಯಾಲಯಗಳು ಬಹುಕಾಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಬೆಳಗಾವಿಯ ಕಡೆಗೆ ಮುಖ ಮಾಡಿದವು. ಧಾರವಾಡವಾಗಲಿ ಬೆಳಗಾವಿಯಾಗಲಿ ಇಲ್ಲಿಂದ ಸುಮಾರು 200 ಕಿಲೋಮೀಟರು.

ಅಷ್ಟು ದೂರ ಹೋಗಿ ಮಾಡುವುದೇನು? ಪಂದ್ಯಾವಳಿ ಸೋತವರು ಹೊರಬೀಳುವ ಪದ್ಧತಿಯದಾದರೆ ಎಂಟು ತಂಡಗಳಲ್ಲಿ ನಾಲ್ಕು ಮೊದಲ ದಿನವೇ ಗಂಟುಮೂಟೆ ಕಟ್ಟುತ್ತವೆ. ಹದಿನೈದು ನಿಮಿಷದ ನಾಲ್ಕು ಅವಧಿ, ಒಟ್ಟು ಒಂದು ಗಂಟೆಯ ಆಟ. ಅದಕ್ಕಾಗಿ ಎರಡು ದಿನದ ಪ್ರಯಾಣ. ಮರುವರ್ಷ ಆ ಮಹಾವಿದ್ಯಾಲಯ ತಂಡವನ್ನೇ ಕಳುಹಿಸದಿದ್ದರೆ ಅಚ್ಚರಿಪಡಬೇಕಾದುದಿಲ್ಲ. ಸೋಲಿನಿಂದ ಯಾವ ತಂಡವೂ ಹಾಳಾಗುವುದಿಲ್ಲ. ಆಡಲು ಅವಕಾಶವೇ ಸಿಗದೆ ಹಾಳಾಗುತ್ತದೆ.

ವಿದ್ಯಾರ್ಥಿನಿಯರ ಮಾತು ಬಂದಾಗ ಈ ದೂರ ಇಮ್ಮಡಿಯಾಗುತ್ತದೆ. ತಿಕೋಟಾದ ಸುತ್ತಲಿನ ಹಳ್ಳಿಯೊಂದರ ತಂದೆ ತನ್ನ ಮಗಳನ್ನು ಇಪ್ಪತ್ತು ಕಿಲೋಮೀಟರಿನ ವಿಜಯಪುರಕ್ಕೆ ಮುಂಜಾನೆ ಕಳಿಸಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಕಾಣಬಲ್ಲ. ಆಕೆಯೇ ಮೂರು ರಾತ್ರಿ ಕಾಣದ ಊರಿನಲ್ಲಿ ಇರಬೇಕಾದರೆ ಆತ ಒಪ್ಪುವುದು ಅಪರೂಪ. ಹುಡುಗಿ ಚೆನ್ನಾಗಿ ಆಡುತ್ತಾಳೆಯೇ ಇಲ್ಲವೇ ಎಂಬ ವಿಚಾರ ಬರುವ ಮುಂಚೆಯೇ ಅವಳ ಆಟ ಮನೆಯ ಹೊಸ್ತಿಲಲ್ಲಿ ಮುಗಿದಿರುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಚಿಂತೆ ತಪ್ಪಿತು. ರಾತ್ರಿಯ ಚಿಂತೆಯನ್ನು ತಪ್ಪಿಸುವುದು ತಾಣವನ್ನು ಆರಿಸುವವರ ಕೈಯಲ್ಲಿದೆ. 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯವು ವಿಜಯಪುರದಲ್ಲಿಯೇ ಸ್ಥಾಪನೆಯಾಗಿ, ಇಂದು ಅಕ್ಕಮಹಾದೇವಿಯ ಹೆಸರನ್ನು ಹೊತ್ತು ತೊರವಿಯ ಬಯಲಿನಲ್ಲಿ ನಿಂತಿದೆ. ತಂದೆತಾಯಿಗಳನ್ನು ತೊರೆದು ಏಕಾಂಗಿಯಾಗಿ ಕಲ್ಯಾಣದವರೆಗೆ ನಡೆದ ಶರಣೆಯ ಹೆಸರಿನ ವಿದ್ಯಾಸಂಸ್ಥೆಯಿರುವ ನೆಲದಲ್ಲಿ ಹುಡುಗಿಯೊಬ್ಬಳು ಪಕ್ಕದ ತಾಲೂಕಿಗೆ ಆಡಲು ಹೋಗಲಾರದಿದ್ದರೆ ಅದು ನಮ್ಮೆಲ್ಲರ ವಿಚಾರಕ್ಕೆ ಬರಬೇಕಾದ ಸಂಗತಿ.

ಆತಿಥ್ಯವನ್ನು ಹೇಗೆ ಹಂಚಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಶ್ರೇಷ್ಠ ನಿದರ್ಶನವಿದೆ. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಎಂಬ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಆರಂಭಿಸಿದರು. ಅಂದು ಸೇರಿದ್ದು 60 ಕುಟುಂಬಗಳ ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳು ಸೇರಿ ವಿಶ್ವದಾಖಲೆಯಾಯಿತು. ಈ ಬೆಳವಣಿಗೆಯ ಗುಟ್ಟು ಆತಿಥ್ಯದ ಪದ್ಧತಿಯಲ್ಲಿದೆ. ಪ್ರತಿವರ್ಷ ಒಂದೊಂದು ಮನೆತನ ಹೊಣೆ ಹೊರುತ್ತದೆ. ಆ ವರ್ಷದ ಕಪ್ಪಿಗೆ ಆ ಮನೆತನದ ಹೆಸರೇ ಇರುತ್ತದೆ. ಕಳೆದ ವರ್ಷ ಉಂಡವರು ಮುಂದೊಂದು ವರ್ಷ ಬಡಿಸುವವರಾಗುತ್ತಾರೆ. ಒಂದೇ ಮನೆತನದ ತಂಡದಲ್ಲಿ ಅಜ್ಜ ಮೊಮ್ಮಗ ಕೂಡಿ ಆಡಬಹುದು, ಸೊಸೆಯೂ ಮಗಳೂ ಆಡಬಹುದು. ಹೀಗೆ ಆತಿಥ್ಯವು ಊರೂರು ಸುತ್ತಿದುದರಿಂದ ಆಟವೂ ಊರೂರಿನದಾಗಿ ಉಳಿಯಿತು.

ಹೊರನಾಡಿನ ಎರಡು ಮಾತುಗಳನ್ನೂ ಇಲ್ಲಿ ನೆನೆಯಬಹುದು. 2023ರ ಪುರುಷರ ವಿಶ್ವಕಪ್ಪನ್ನು ಒಡಿಶಾ ರಾಜ್ಯವು ರಾಜಧಾನಿ ಭುವನೇಶ್ವರಕ್ಕೆ ಮಾತ್ರ ಮೀಸಲಿಡಲಿಲ್ಲ. ಆದಿವಾಸಿ ಹಳ್ಳಿಗಳಿಂದ ಅನೇಕ ಆಟಗಾರರನ್ನು ಕೊಟ್ಟ ಸುಂದರಗಢ ಜಿಲ್ಲೆಯ ರೂರ್ಕೆಲಾದಲ್ಲಿ ಬಿರ್ಸಾ ಮುಂಡಾ ಹೆಸರಿನ ಕ್ರೀಡಾಂಗಣವನ್ನೇ ಕಟ್ಟಿ, ಸುಮಾರು ಅರ್ಧದಷ್ಟು ಆಟವನ್ನು ಅಲ್ಲಿಗೆ ಒಯ್ದಿತು. ಅಮೆರಿಕದಲ್ಲಿ ಕ್ರೀಡೆಗಾಗಿ ವಿದ್ಯಾರ್ಥಿವೇತನ ಕೊಡದ ಮಹಾವಿದ್ಯಾಲಯಗಳಿಗೆಂದು ಮೂರನೆಯ ವಿಭಾಗವೊಂದಿದ್ದು, ಅವುಗಳ ವಿದ್ಯಾರ್ಥಿನಿಯರಿಗೆ ಪ್ರತ್ಯೇಕ ಹಾಕಿ ಚಾಂಪಿಯನ್‌ಶಿಪ್ ನಡೆಯುತ್ತದೆ. ಆರಂಭದ ಸುತ್ತುಗಳು ಮಹಾವಿದ್ಯಾಲಯಗಳ ಸ್ವಂತ ಅಂಗಳಗಳಲ್ಲಿ. ಕೊನೆಯ ಸುತ್ತಿನ ತಾಣವನ್ನು ಅರ್ಜಿ ಕರೆದು ಬಹಳ ಮುಂಚಿತವಾಗಿಯೇ ಗೊತ್ತುಪಡಿಸುತ್ತಾರೆ. ಅವರ ಹಣ, ಅವರ ಅಂಗಳ ನಮಗಿಲ್ಲ. ಆದರೆ ಮೊದಲೇ ಗೊತ್ತುಪಡಿಸುವುದಕ್ಕೆ ಹಣವೇನೂ ಬೇಕಾಗಿಲ್ಲ.

ಹಾಗಾದರೆ ತಾಣವನ್ನು ಆರಿಸುವಾಗ ನೋಡಬೇಕಾದುದು ಯಾವುದು? ಮೊದಲನೆಯದು ಮಣ್ಣು. ಹಾಕಿ ಅಂಗಳದ ಉದ್ದ 91.40 ಮೀಟರು, ಅಗಲ 55 ಮೀಟರು. ಅಂದರೆ ಸುಮಾರು ಒಂದೂಕಾಲು ಎಕರೆ. ನಮ್ಮದು ಎರೆಭೂಮಿ. ಬಿಳಿಜೋಳಕ್ಕೆ ಅದು ಬಂಗಾರ, ಚೆಂಡಿಗೆ ಮಾತ್ರ ವೈರಿ. ನೀರು ಕುಡಿದಾಗ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಒಣಗಿದಾಗ ಬಿರುಕು ಬಿಡುತ್ತದೆ. ಬಿರುಕಿಗೆ ತಾಗಿದ ಚೆಂಡು ಮೇಲೇಳುತ್ತದೆ, 156ರಿಂದ 163 ಗ್ರಾಂ ತೂಕದ ಆ ಗಟ್ಟಿ ಚೆಂಡು ಮೊಣಕಾಲಿಗೋ ಮುಖಕ್ಕೋ ಬಡಿಯುತ್ತದೆ. ಆದುದರಿಂದ ಗರಸು ಹಾಕಿ, ರೋಲರು ಉರುಳಿಸಿ, ನೀರು ಹರಿದು ಹೋಗುವಂತೆ ಇಳಿಜಾರು ಮಾಡಿದ ಅಂಗಳವೇ ಬೇಕು. ಊರಿನಲ್ಲಿ ಎಂಥ ಭವ್ಯ ಕಟ್ಟಡವಿದೆ ಎಂಬುದಕ್ಕಿಂತ ಅಂಗಳದಲ್ಲಿ ಎಂಥ ಮಣ್ಣಿದೆ ಎಂಬುದನ್ನು ಪರಿಶೀಲಕರು ಮೊದಲು ನೋಡಲಿ.

ಎರಡನೆಯದು ನೀರು. ಅಷ್ಟು ಅಂಗಳಕ್ಕೆ ಧೂಳು ಅಡಗುವಂತೆ ಎರಡು ಮಿಲಿಮೀಟರು ನೀರು ಚಿಮುಕಿಸಬೇಕೆಂದರೂ ಹತ್ತು ಸಾವಿರ ಲೀಟರು ಬೇಕು. ಬರಗಾಲವನ್ನು ಬಲ್ಲ ಜಿಲ್ಲೆಯಲ್ಲಿ ಇದು ಲಘುವಾದ ಲೆಕ್ಕವಲ್ಲ. ಏತ ನೀರಾವರಿಯಿಂದ ಕೆರೆಗಳು ತುಂಬತೊಡಗಿದ ಮೇಲೆ ಪರಿಸ್ಥಿತಿ ಬಹಳಷ್ಟು ಸುಧಾರಿಸಿದೆಯಾದರೂ, ಜನ ಕೊಡ ಹಿಡಿದು ನಿಂತಿರುವ ವರ್ಷದಲ್ಲಿ ಅಂಗಳಕ್ಕೆ ಟ್ಯಾಂಕರು ತರಿಸುವುದು ಧರ್ಮವಾಗದು.

ಮೂರನೆಯದು ಕಾಲ. ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಮಳೆ ಹೆಚ್ಚು. ಅಕ್ಟೋಬರಿನಲ್ಲಿ ಹಿಂಗಾರಿ ಬಿತ್ತನೆ, ತಿಕೋಟಾ ಭಾಗದಲ್ಲಿ ದ್ರಾಕ್ಷಿ ಬಳ್ಳಿ ಸವರುವ ಕೆಲಸ, ವಿದ್ಯಾರ್ಥಿಗಳೂ ತೋಟದಲ್ಲಿರುತ್ತಾರೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ಆಗ ವಿಜಯಪುರದಲ್ಲಿ ತಂಗಲು ಜಾಗವಿರದು. ಫೆಬ್ರುವರಿಯಿಂದ ದ್ರಾಕ್ಷಿ ಸುಗ್ಗಿ, ಬಳಿಕ ಬಿಸಿಲು. ನೇಗಿಲನ್ನೂ ಪರೀಕ್ಷೆಯನ್ನೂ ಗಮನಿಸಿ ನೋಡಿದರೆ ನವೆಂಬರಿನ ನಡುವಿನ ದಿನಗಳೇ ಪ್ರಶಸ್ತ. ಬೆಳಗಾವಿಯ ಕ್ಯಾಲೆಂಡರು ತಿಕೋಟಾದ ತೋಟಕ್ಕೆ ಹೊಂದಿಕೊಳ್ಳುವುದೇ ಎಂದು ಕೇಳುವವರೊಬ್ಬರು ಆ ಸಭೆಯಲ್ಲಿ ಇರಬೇಕು.

ನಾಲ್ಕನೆಯದು ವಸತಿ ಮತ್ತು ರಕ್ಷಣೆ. ಹೆಣ್ಣುಮಕ್ಕಳಿಗೆ ಬಾಗಿಲು ಭದ್ರವಾಗಿರುವ ವಸತಿ ನಿಲಯ, ಸಾಕಷ್ಟು ಶೌಚಾಲಯ, ಬಟ್ಟೆ ಬದಲಾಯಿಸುವ ಕೋಣೆ, ಮೇಲ್ವಿಚಾರಣೆಗೆ ಶಿಕ್ಷಕಿ, ಇವೆಲ್ಲ ಕಡ್ಡಾಯ. ಅಂಗಳದ ಬದಿಗೆ ವೈದ್ಯರೊಬ್ಬರು, ಆಸ್ಪತ್ರೆಗೆ ಒಯ್ಯಲು ವಾಹನ. ಕೊನೆಯ ಪಂದ್ಯ ಮುಗಿದ ಮೇಲೆ ಹೊತ್ತು ಮುಳುಗುವ ಮೊದಲು ಊರು ಸೇರುವ ಬಸ್ಸು. ಐದನೆಯದು ನಿಷ್ಪಕ್ಷಪಾತ. ಆತಿಥೇಯ ಮಹಾವಿದ್ಯಾಲಯದ ತಂಡವೂ ಆಡುತ್ತಿರುವಾಗ ತೀರ್ಪುಗಾರರು ಆ ಸಂಸ್ಥೆಯವರಾಗಿರಬಾರದು. ಉಣಬಡಿಸಿದ ಕೈಯೇ ತಕ್ಕಡಿಯನ್ನೂ ಹಿಡಿದರೆ ಅತಿಥಿಗೆ ಅನ್ನ ರುಚಿಸದು.

ಈ ಎಲ್ಲ ಅಂಶಗಳನ್ನು ಒಟ್ಟಿಗೆ ನೋಡಿದಾಗ ನಮಗೆ ಒಂದು ಮಾರ್ಗ ಹೊಳೆಯುತ್ತದೆ. ತಿಕೋಟಾ ಮತ್ತು ಬಬಲೇಶ್ವರಗಳು ಕೆಲವು ವರ್ಷಗಳ ಹಿಂದೆ ಪ್ರತ್ಯೇಕ ತಾಲೂಕುಗಳಾದವು. ಒಂದು ಅಥಣಿಯ ದಾರಿಯಲ್ಲಿದೆ, ಇನ್ನೊಂದು ಜಮಖಂಡಿಯ ದಾರಿಯಲ್ಲಿದೆ. ಎರಡೂ ನಗರಕ್ಕೆ ಒಂದು ತಾಸಿನೊಳಗಿನ ಹಾದಿ. ಎಂಟು ತಂಡಗಳ ಪಂದ್ಯಾವಳಿಯನ್ನು ಒಂದೇ ಊರಿಗೆ ಹೊರಿಸದೆ, ನಾಲ್ಕು ತಂಡಗಳ ಎರಡು ಗುಂಪು ಮಾಡಿ ಒಂದು ಗುಂಪನ್ನು ತಿಕೋಟಾಕ್ಕೆ, ಇನ್ನೊಂದನ್ನು ಬಬಲೇಶ್ವರಕ್ಕೆ ಕೊಡಬಹುದು. ಪ್ರತಿಯೊಂದು ತಂಡವೂ ತನ್ನ ಗುಂಪಿನ ಉಳಿದ ಮೂರೂ ತಂಡಗಳೊಡನೆ ಆಡಲಿ. ದಿನಕ್ಕೆ ಎರಡು ಪಂದ್ಯಗಳಂತೆ, ತಂಪು ಹೊತ್ತಿನಲ್ಲಿ, ಮೂರು ದಿನಗಳಲ್ಲಿ ಪ್ರತಿ ಊರಿನಲ್ಲಿಯೂ ಆರು ಪಂದ್ಯ ಮುಗಿಯುತ್ತವೆ. ಎರಡು ಗುಂಪಿನ ಅಗ್ರತಂಡಗಳು ನಾಲ್ಕನೆಯ ದಿನ ವಿಜಯಪುರದಲ್ಲಿ ಅಂತಿಮ ಪಂದ್ಯವಾಡಲಿ. ಸೋತವರು ಹೊರಬೀಳುವ ಪದ್ಧತಿಯಲ್ಲಿ ಒಟ್ಟು ಏಳು ಪಂದ್ಯ, ಇಲ್ಲಿ ಹದಿಮೂರು. ಅಲ್ಲಿ ನಾಲ್ಕು ತಂಡಗಳಿಗೆ ಒಂದೊಂದೇ ಆಟ. ಇಲ್ಲಿ ಅತ್ಯಂತ ದುರ್ಬಲ ತಂಡಕ್ಕೂ ಮೂರು ಆಟ. ಮೊದಲನೆಯದರಲ್ಲಿ ಹತ್ತು ಗೋಲು ತಿಂದವರು ಮೂರನೆಯದರಲ್ಲಿ ಎರಡು ಗೋಲಿಗೆ ತಡೆದರೆ, ಅವರು ಮರುವರ್ಷ ಖಂಡಿತ ಬರುತ್ತಾರೆ.

ಊಟದ ಹೊರೆಯೂ ಹಗುರಾಗುತ್ತದೆ. ಹದಿನಾರು ಆಟಗಾರರು, ಇಬ್ಬರು ಹಿರಿಯರು ಎಂದರೆ ತಂಡಕ್ಕೆ 18 ಮಂದಿ. ಎಂಟು ತಂಡಕ್ಕೆ 144. ಊರು ಎರಡಾದರೆ ಪ್ರತಿಯೊಂದಕ್ಕೂ 72. ಒಬ್ಬರಿಗೆ ಮೂರು ರೊಟ್ಟಿಯಂತೆ ಹೊತ್ತಿಗೆ 216 ರೊಟ್ಟಿ. ಆರಾರು ರೊಟ್ಟಿ ಬಡಿದು ಕೊಡುವ 36 ಮನೆಗಳು ತಿಕೋಟಾದಲ್ಲಿ ಇಲ್ಲವೇ? ಬಬಲೇಶ್ವರದಲ್ಲಿ ಇಲ್ಲವೇ? ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನಿಂದ ರೊಟ್ಟಿಯ ಗಾಡಿಗಳು ಹೊರಡುವುದನ್ನು ಕಂಡಿರುವ ನಮ್ಮ ತಾಯಂದಿರಿಗೆ ಇದು ದೊಡ್ಡ ಮಾತಲ್ಲ. ಗೋಲು ರಕ್ಷಕನ ಒಂದೊಂದು ಕವಚವನ್ನೂ ಹತ್ತಾರು ಕೋಲುಗಳನ್ನೂ ಆತಿಥೇಯ ಮಹಾವಿದ್ಯಾಲಯದಲ್ಲಿ ಸಾಮೂಹಿಕ ಭಂಡಾರವಾಗಿ ಇರಿಸಿದರೆ, ಕೊಳ್ಳಲಾರದ ಸಂಸ್ಥೆಗಳೂ ತಂಡ ಕಟ್ಟಬಲ್ಲವು.

ಇದಕ್ಕೆ ಆಕ್ಷೇಪಣೆಗಳಿಲ್ಲವೆಂದಲ್ಲ. ಇಂದಿನ ಹಾಕಿ ಕೃತಕ ಹುಲ್ಲಿನ ಅಂಗಳದ ಆಟ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ಅದು ಹಾಗಾಯಿತು. ವಿಶ್ವವಿದ್ಯಾಲಯದ ತಂಡ ಮುಂದೆ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಹೋದಾಗ ಅಂಥ ಅಂಗಳವನ್ನೇ ಎದುರಿಸಬೇಕಾಗುತ್ತದೆ. ಗರಸಿನ ಮೇಲೆ ಕಲಿತವರು ಅಲ್ಲಿ ತಡವರಿಸುತ್ತಾರೆ ಎಂದು ಬಲ್ಲವರು ಹೇಳುವುದುಂಟು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಆಯ್ದ ಹದಿನೆಂಟು ಮಂದಿಗೆ ಕೃತಕ ಹುಲ್ಲಿನ ಮೇಲೆ ತರಬೇತಿ ಶಿಬಿರ ನಡೆಸುವುದು ಒಂದು ಕೆಲಸ. ನೂರಾರು ಮಂದಿಗೆ ಮೊದಲ ಸಲ ಕೋಲು ಹಿಡಿಸುವುದು ಇನ್ನೊಂದು ಕೆಲಸ. ಎರಡಕ್ಕೂ ಒಂದೇ ತಾಣವನ್ನು ಹುಡುಕಹೊರಟರೆ ಎರಡನೆಯದು ಎಂದಿಗೂ ಆಗದು.

ಎರಡು ಊರಿನಲ್ಲಿ ನಡೆಸಿದರೆ ತೀರ್ಪುಗಾರರೂ ಇಮ್ಮಡಿ ಬೇಕಲ್ಲ ಎಂಬುದು ಇನ್ನೊಂದು ಆಕ್ಷೇಪಣೆ. ಒಂದು ಪಂದ್ಯಕ್ಕೆ ಇಬ್ಬರು; ದಿನಕ್ಕೆ ಎರಡೇ ಪಂದ್ಯವಾದುದರಿಂದ ಊರಿಗೆ ನಾಲ್ವರಿದ್ದರೆ ಯಾರೂ ದಣಿಯುವುದಿಲ್ಲ. ಬೇಸಿಗೆಯ ರಜೆಯಲ್ಲಿ ಪ್ರೌಢಶಾಲೆಗಳ ದೈಹಿಕ ಶಿಕ್ಷಕರಿಗೆ ನಿಯಮಗಳ ತರಬೇತಿ ಕೊಟ್ಟರೆ, ಅವರು ತಮ್ಮ ಶಾಲೆಗಳಿಗೂ ಆಟವನ್ನು ಒಯ್ಯುವರು. ಖರ್ಚಿನ ಮಾತೂ ಬರುತ್ತದೆ. ನಾಲ್ಕು ದಿನದ ಖರ್ಚು ಮೂರು ದಿನದ್ದಕ್ಕಿಂತ ಹೆಚ್ಚು, ನಿಜ. ಆದರೆ ಪ್ರವೇಶದ ವೇಳೆ ಕ್ರೀಡಾ ಶುಲ್ಕವನ್ನು ತಿಕೋಟಾದ ವಿದ್ಯಾರ್ಥಿಯೂ ತೆರುತ್ತಾನೆ, ನಗರದ ವಿದ್ಯಾರ್ಥಿಯೂ ತೆರುತ್ತಾನೆ. ತೆತ್ತವರ ಕಣ್ಣೆದುರು ಆಟ ನಡೆಯಬೇಕೆಂದು ಕೇಳುವುದು ದುರಾಸೆಯಲ್ಲ.

ನಮ್ಮ ಸಮಾಜದ ವಿದ್ಯಾಸಂಸ್ಥೆಗಳಿಗೆ ಈ ವಿಚಾರ ವಿಶೇಷವಾಗಿ ಅನ್ವಯಿಸುತ್ತದೆ. 1910ರಲ್ಲಿ ಫ. ಗು. ಹಳಕಟ್ಟಿಯವರು ಮುಂದಾಗಿ ಜಿಲ್ಲೆಯ ಲಿಂಗಾಯತ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದಾಗ ಓದು ಶ್ರೀಮಂತರ ಸೊತ್ತಾಗಿತ್ತು. ಬಂಥನಾಳದ ಸಂಗನಬಸವ ಶಿವಯೋಗಿಗಳಂಥ ಪೂಜ್ಯರೂ, ಹಳ್ಳಿಗಳ ದಾನಿಗಳೂ ಅದಕ್ಕೆ ಬಲವಾಗಿ ನಿಂತರು. ಹಳ್ಳಿಗಳಿಂದ ಬಂದ ಧನ ನಗರದಲ್ಲಿ ಕಟ್ಟಡವಾಯಿತು, ಆ ಕಟ್ಟಡದಿಂದ ವಿದ್ಯೆ ಹಳ್ಳಿಗೆ ಮರಳಿತು. ಮೈದಾನದ ವಿಷಯದಲ್ಲಿ ಆ ಮರಳುವಿಕೆ ಇನ್ನೂ ಆಗಬೇಕಾಗಿದೆ. ದೊಡ್ಡ ಸಂಸ್ಥೆಯೊಂದು ಆತಿಥ್ಯವನ್ನು ವಹಿಸಿಕೊಂಡಾಗ ನಗರದ ತನ್ನ ಆವರಣದಲ್ಲಿಯೇ ಮುಗಿಸುವುದು ಸುಲಭ. ವೇದಿಕೆ ಸಿದ್ಧವಾಗಿದೆ, ಮಾಲೆಗಳೂ ಸಿದ್ಧವಾಗಿವೆ. ಅದೇ ಸಂಸ್ಥೆ ತನ್ನ ಗ್ರಾಮೀಣ ಶಾಖೆಯ ಅಂಗಳಕ್ಕೆ ಗರಸು ಹೊಡೆಸಿ, ಪಕ್ಕದ ಸರಕಾರಿ ಮಹಾವಿದ್ಯಾಲಯವನ್ನೂ ಜೊತೆಗೂಡಿಸಿಕೊಂಡು ನಡೆಸಿದರೆ ಅದರ ಘನತೆ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ. ಪಂದ್ಯಾವಳಿ ಮುಗಿದ ಮೇಲೆ ಶಾಮಿಯಾನ ಬಿಚ್ಚಿಕೊಂಡು ಹೋಗುತ್ತಾರೆ. ಗರಸಿನ ಅಂಗಳ ಉಳಿಯುತ್ತದೆ. ಆತಿಥ್ಯದ ನಿಜವಾದ ಫಲ ಅದು.

ಅಂಗಳದಲ್ಲಿ ಕುಲವನ್ನು ಕೇಳುವವರಿಲ್ಲ. ಚೆಂಡನ್ನು ಒಬ್ಬರು ಇನ್ನೊಬ್ಬರಿಗೆ ಕೊಡದೆ ಗೋಲಾಗದು. ಬಸವಣ್ಣನವರು ಹುಟ್ಟಿದ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಸರಳವಾದ ಸಮತೆಯ ಪಾಠವನ್ನು ಯಾವ ಪುಸ್ತಕ ಕಲಿಸೀತು? ಬಂದ ತಂಡ ಯಾವ ಸಂಸ್ಥೆಯದು, ಯಾವ ಸಮುದಾಯದ್ದು ಎಂದು ನೋಡದೆ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಬಡಿಸುವುದನ್ನು ನಮ್ಮ ಹಿರಿಯರು ದಾಸೋಹವೆಂದರು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಆಡಳಿತ ಮಂಡಳಿಗಳಲ್ಲಿರುವವರು ಆತಿಥ್ಯದ ಸರದಿಯನ್ನು ಮೂರು ವರ್ಷ ಮುಂಚಿತವಾಗಿ ಪ್ರಕಟಿಸುವಂತೆ ವಿಶ್ವವಿದ್ಯಾಲಯವನ್ನು ಕೇಳಲಿ. ಪ್ರಾಚಾರ್ಯರು ಹಿಂಜರಿಯದೆ ಒಪ್ಪಿಗೆಯ ಪತ್ರ ಬರೆಯಲಿ. ಊರಿನ ಹಿರಿಯರು ಅಂಗಳಕ್ಕೆ ನಾಲ್ಕು ಟ್ರ್ಯಾಕ್ಟರು ಗರಸು ಕೊಡಲಿ. ತಾಯಂದಿರು ಆರಾರು ರೊಟ್ಟಿ ಕೊಡಲಿ. ತಂದೆಯಾದವರು ಮಗಳು ಆಡುವುದನ್ನು ನೋಡಲು ಒಂದು ಸಂಜೆ ಬಿಡುವು ಮಾಡಿಕೊಂಡು ಬರಲಿ. ಪಂದ್ಯ ಪಕ್ಕದ ಊರಿನಲ್ಲಿಯೇ ನಡೆದರೆ ಬರಲಾರೆನೆನ್ನಲು ಅವರಿಗೆ ಕಾರಣವೇ ಉಳಿಯುವುದಿಲ್ಲ.